ಹಿತ್ತಲಿಗೆ ಬಂದ ಪರದೇಶಿಗಳು

ಮನೆಯ ಹಿಂದೆಯೋ ಮಗ್ಗುಲಲ್ಲೋ ನಾಲ್ಕು ಮಾರು ನೆಲ ಇದ್ದವರಿಗೆ, ಅದೂ ಇಲ್ಲದಿದ್ದರೆ ತಾರಸಿಯ ಮೇಲೆ ನಾಲ್ಕು ಕುಂಡ ಇಡುವಷ್ಟು ಜಾಗ ಇದ್ದವರಿಗೆ, ಒಂದಲ್ಲ ಒಂದು ದಿನ ಕೈತೋಟದ ಹುಚ್ಚು ಹಿಡಿಯುತ್ತದೆ. ಪೇಟೆಯ ತರಕಾರಿಗೆ ಯಾವ ಯಾವ ಔಷಧ ಹೊಡೆದಿರುತ್ತಾರೋ, ಯಾವ ಮೋರಿಯ ನೀರು ಹಾಯಿಸಿರುತ್ತಾರೋ. ನಮ್ಮ ಮನೆಯ ಮಟ್ಟಿಗಾದರೂ ನಮ್ಮದೇ ಆದ ನಾಲ್ಕು ಕಾಯಿ ಬೆಳೆದುಕೊಳ್ಳೋಣ ಎಂಬ ಆಸೆ ಸಹಜವಾದುದೇ. ಆಸೆ ಹುಟ್ಟಿದ ಭಾನುವಾರವೇ ಬೀಜದ ಅಂಗಡಿಗೆ ಹೋಗಿ ಟೊಮೇಟೊ, ಮೆಣಸಿನಕಾಯಿ, ಹುರುಳಿಕಾಯಿ, ಸಿಹಿಗುಂಬಳ, ಎಲೆಕೋಸು ಎಂದು ಐದು ಪೊಟ್ಟಣ ತಂದದ್ದೂ ಆಗುತ್ತದೆ. ತಂದವರಿಗೆ ಒಂದು ಮಾತು ಹೇಳಬೇಕು. ಐನೂರೈವತ್ತು ವರ್ಷಗಳ ಹಿಂದೆ ಆ ಐದರಲ್ಲಿ ಒಂದಾದರೂ ನಮ್ಮ ನಾಡಿನ ಯಾವ ಹಿತ್ತಲಿನಲ್ಲಿಯೂ ಇರಲಿಲ್ಲ. ಮೊದಲಿನ ನಾಲ್ಕು ಅಮೆರಿಕ ಖಂಡದವು, ಐದನೆಯದು ಯೂರೋಪಿನದು. ‘ನಮ್ಮದೇ’ ಎಂದು ನಾವು ನೆಡಹೊರಟಿರುವುದೆಲ್ಲ ಪರದೇಶಿ.

ಇದನ್ನು ಹೇಳುವುದು ಯಾರ ಉತ್ಸಾಹಕ್ಕೂ ತಣ್ಣೀರೆರಚುವುದಕ್ಕಲ್ಲ. ಪರದೇಶಿಯಾಗಿ ಬಂದದ್ದು ಮನೆಯದಾದುದು ಹೇಗೆ, ಬಂದವುಗಳಲ್ಲಿ ಕೆಲವು ಮಾತ್ರ ಮನೆಯದಾಗಿ ಉಳಿದವು ಇಂದಿಗೂ ಹೊರಗಿನವಾಗಿಯೇ ಉಳಿದುದು ಏಕೆ ಎಂಬುದು ಸ್ವಾರಸ್ಯವಾದ ಚರಿತ್ರೆ. ರಾಜರ ಚರಿತ್ರೆಯಲ್ಲಿ ಇದು ಸಿಕ್ಕದು. ಹಿತ್ತಲಿನಲ್ಲಿ ಸಿಕ್ಕುತ್ತದೆ, ಅಡುಗೆಯ ಮನೆಯಲ್ಲಿ ಸಿಕ್ಕುತ್ತದೆ, ಎಲ್ಲಕ್ಕಿಂತ ಚೆನ್ನಾಗಿ ಶ್ರಾದ್ಧದ ಎಲೆಯ ಮೇಲೆ ಸಿಕ್ಕುತ್ತದೆ.

ಸಂಪ್ರದಾಯಸ್ಥರ ಮನೆಯ ಶ್ರಾದ್ಧದ ಅಡುಗೆಯನ್ನು ನೋಡಿ. ಬಾಳೆಕಾಯಿ ಬರುತ್ತದೆ, ಹಾಗಲಕಾಯಿ ಬರುತ್ತದೆ, ಗೋರಿಕಾಯಿ, ಪಡವಲ, ಸುವರ್ಣಗೆಡ್ಡೆ ಬರುತ್ತವೆ. ಆಲೂಗಡ್ಡೆ ಇಲ್ಲ, ಟೊಮೇಟೊ ಇಲ್ಲ, ಕೋಸು ಇಲ್ಲ, ಹುರುಳಿಕಾಯಿ ಇಲ್ಲ. ಖಾರಕ್ಕೆ ಮೆಣಸಿನಕಾಯಿಯ ಬದಲು ಕಾಳುಮೆಣಸು. ಪಿತೃಗಳು ತಾವು ಉಂಡು ಬೆಳೆದ ರುಚಿಯನ್ನಲ್ಲದೆ ಬೇರೆಯದನ್ನು ಒಪ್ಪರು ಎಂದು ಬಗೆದು ಯಾರೋ ಒಂದು ಕಾಲದಲ್ಲಿ ಬಾಗಿಲು ಹಾಕಿಬಿಟ್ಟಂತಿದೆ. ಬಾಗಿಲ ಒಳಗಿದ್ದವು ಒಳಗೇ ಉಳಿದವು. ಆಮೇಲೆ ಬಂದವು ಜಗಲಿಯ ಮೇಲೆ ನಿಂತವು. ಈ ಪಟ್ಟಿಯನ್ನು ಶಾಸನದಂತೆ ನಂಬುವ ಹಾಗೂ ಇಲ್ಲವೆನ್ನಿ. ಮನೆಮನೆಗೆ ಭೇದವುಂಟು, ಈರುಳ್ಳಿ ಬೆಳ್ಳುಳ್ಳಿ ಎಷ್ಟೋ ಹಳಬರಾದರೂ ಬೇರೆ ಕಾರಣಕ್ಕೆ ಹೊರಗಾಗಿವೆ. ಆದರೂ ಪ್ರಾಚೀನ ಕರ್ಣಾಟಕದ ಹಿತ್ತಲು ಹೇಗಿತ್ತೆಂದು ಊಹಿಸಲು ಇದಕ್ಕಿಂತ ರುಚಿಯಾದ ಆಧಾರ ಮತ್ತೊಂದು ಸಿಕ್ಕದು.

ಗ್ರಂಥಾಧಾರವೇ ಬೇಕೆನ್ನುವವರಿಗೆ ಅದೂ ಉಂಟು. ಚಾಳುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನೆಂಬ ಕವಿ (ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಲ್ಲ, ಆತನಿಗಿಂತ ಈಚಿನವನು) ‘ಲೋಕೋಪಕಾರ’ವೆಂಬ ಗ್ರಂಥವನ್ನು ರಚಿಸಿದ. ಹೆಸರಿಗೆ ತಕ್ಕ ಪುಸ್ತಕ. ನೆಲದಲ್ಲಿ ನೀರಿರುವ ಜಾಗ ಕಂಡುಹಿಡಿಯುವುದು ಹೇಗೆ, ಮನೆ ಕಟ್ಟುವುದು ಹೇಗೆ, ಬೀಜಕ್ಕೂ ಗಿಡಕ್ಕೂ ಮಾಡಬೇಕಾದ ಉಪಚಾರವೇನು, ಬೆಳೆದದ್ದನ್ನು ಅಡುಗೆ ಮಾಡುವುದು ಹೇಗೆ, ಉಂಡದ್ದು ಮೈಗೆ ಒಗ್ಗದಿದ್ದರೆ ಔಷಧವೇನು ಎಂದು ಗೃಹಸ್ಥನಿಗೆ ಬೇಕಾದುದೆಲ್ಲ ಅದರಲ್ಲಿದೆ. ಬಾವಿ, ಗಿಡ, ಒಲೆ, ಔಷಧ: ಇವು ಒಂದೇ ಪುಸ್ತಕದ ಪ್ರಕರಣಗಳಾಗಿರುವುದನ್ನು ನೋಡಿದರೆ ಅಂದಿನವರ ಮನಸ್ಸಿನಲ್ಲಿ ಹಿತ್ತಲು ಮನೆಯಿಂದ ಬೇರೆಯಾದ ವಸ್ತುವಾಗಿರಲಿಲ್ಲವೆಂದು ತೋರುತ್ತದೆ. ಅಲ್ಲಿಂದ ಸುಮಾರು ಐದು ಶತಮಾನ ಕಳೆದ ಮೇಲೆ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದ. ಅಡುಗೆಗೆ ಷಟ್ಪದಿಯೇ ಎಂದು ನಗಬೇಕಾಗಿಲ್ಲ. ಬಾಯಿಪಾಠ ಮಾಡಿಕೊಳ್ಳುವುದಕ್ಕೆ ಅದೇ ಅನುಕೂಲ. ಅಲ್ಲಿ ಬದನೆಕಾಯಿಯ ಪಾಕಗಳಿಗೇ ಒಂದು ಅಧ್ಯಾಯ ಮೀಸಲಾಗಿದೆ. ಬದನೆ ನಮ್ಮ ದೇಶದ ಮೂಲನಿವಾಸಿ. ಆ ಗೌರವ ಅದಕ್ಕೆ ಸಲ್ಲತಕ್ಕದ್ದೇ. ಮೆಣಸಿನಕಾಯಿಯ ಸುಳಿವು ಮಾತ್ರ ಆ ಅಡುಗೆಮನೆಯಲ್ಲಿಲ್ಲ.

ಇರುವುದಾದರೂ ಹೇಗೆ? ಮಂಗರಸ ಬರೆದುದು ಹದಿನಾರನೆಯ ಶತಮಾನದ ತೀರ ಆರಂಭದಲ್ಲಿ. ಕೊಲಂಬಸ್ ಅಮೆರಿಕದ ದ್ವೀಪಗಳನ್ನು ಮುಟ್ಟಿದ್ದು 1492ರಲ್ಲಿ, ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಬಿಜಾಪುರದ ಆದಿಲಶಾಹಿಯ ಕೈತಪ್ಪಿ ಗೋವೆ ಪೋರ್ಚುಗೀಸರದಾದದ್ದು 1510ರಲ್ಲಿ. ಅವರ ಹಡಗುಗಳ ಹಾದಿಯಲ್ಲಿ ಅಮೆರಿಕದ ಗಿಡಗಳು ಒಂದೊಂದಾಗಿ ನಮ್ಮ ಕರಾವಳಿಗೆ ಇಳಿದವು: ಮೆಣಸಿನಕಾಯಿ, ಗೇರು, ಅನಾನಸು, ಪಪ್ಪಾಯಿ, ಸೀಬೆ, ಸಿಹಿಗೆಣಸು. ಕಾಳುಮೆಣಸನ್ನು ಹುಡುಕಿಕೊಂಡು ಬಂದವರು ಮೆಣಸಿನಕಾಯಿಯನ್ನು ಬಿಟ್ಟುಹೋದರು; ಚರಿತ್ರೆಯಲ್ಲಿ ಇಂಥ ವಿನೋದ ಆಗಾಗ ನಡೆಯುತ್ತದೆ.

ಮೆಣಸಿನಕಾಯಿ ಒಳನಾಡಿಗೆ ನುಗ್ಗಿದ ವೇಗಕ್ಕೆ ಕಾರಣ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಕಾಳುಮೆಣಸು ಬಳ್ಳಿ, ಅದಕ್ಕೆ ಮಲೆನಾಡಿನ ಮಳೆ ಬೇಕು, ನೆರಳು ಬೇಕು, ಹಬ್ಬಲು ಮರ ಬೇಕು. ಬಯಲುಸೀಮೆಯ ಬಡವನಿಗೆ ಅದು ಕೊಂಡು ತಿನ್ನಬೇಕಾದ ಪದಾರ್ಥ. ಮೆಣಸಿನಗಿಡಕ್ಕೆ ಇದೊಂದೂ ಬೇಡ. ಬಚ್ಚಲ ಹಿಂದೆ ಒಂದು ಮೊಳ ಜಾಗ, ದಿನಕ್ಕೆ ಒಂದು ಚೊಂಬು ನೀರು, ಎರಡು ಹಿಡಿ ಒಲೆಬೂದಿ ಇದ್ದರೆ ಆರು ತಿಂಗಳು ಕಾಯಿ ಬಿಡುತ್ತದೆ. ಹಣ್ಣಾದ ಒಂದು ಕಾಯಿಯನ್ನು ಒಣಗಿಸಿ ಇಟ್ಟರೆ ಮುಂದಿನ ವರ್ಷಕ್ಕೆ ಬೀಜ ಸಿದ್ಧ. ಖಾರವೆಂಬುದು ಸಂತೆಯಿಂದ ಹಿತ್ತಲಿಗೆ ಬಂತು. ಬ್ಯಾಡಗಿಯ ಹೆಸರು ಇಂದು ಮೆಣಸಿನಕಾಯಿಯಿಂದಲೇ ದೇಶಕ್ಕೆಲ್ಲ ಗೊತ್ತಿದೆ. ಆದರೆ ಹೊಲಕ್ಕೆ ಹೋಗುವ ಮುನ್ನ ಆ ಗಿಡ ಹಿತ್ತಲಿನಲ್ಲಿ ಪರೀಕ್ಷೆಗೆ ಕುಳಿತಿರಲೇಬೇಕೆಂದು ನನ್ನ ಊಹೆ. ರೈತ ತನ್ನ ರಾಗಿಯ ಹೊಲವನ್ನು ಹೆಸರು ಗೊತ್ತಿಲ್ಲದ ಗಿಡಕ್ಕೆ ಒತ್ತೆ ಇಡುವವನಲ್ಲ, ಇಡಬಾರದು ಕೂಡ. ಬೆಳೆ ಕೈಕೊಟ್ಟರೆ ವರ್ಷವೆಲ್ಲ ಉಪವಾಸ. ಹಿತ್ತಲಿನಲ್ಲಿ ಎರಡು ಗಿಡ ಸತ್ತರೆ ನಷ್ಟವಾದುದು ಎರಡು ಚೊಂಬು ನೀರು. ಆ ಪರೀಕ್ಷೆಯನ್ನು ನಡೆಸಿದವರು, ತೇರ್ಗಡೆಯೋ ನಪಾಸೋ ಎಂದು ತೀರ್ಮಾನಿಸಿದವರು, ಮನೆಯ ಹೆಂಗಸರು. ಅವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಬಂದವಕ್ಕೆ ಹೆಸರಿಟ್ಟ ರೀತಿಯೂ ಗಮನಿಸತಕ್ಕದ್ದು. ಹೊಸಬನಿಗೆ ಹಳಬನ ಹೆಸರನ್ನೇ ತಗುಲಿಸಿ ಒಳಗೆ ಕರೆದುಕೊಳ್ಳುವುದು ನಮ್ಮವರ ಪದ್ಧತಿ. ಮೆಣಸಿನ ಖಾರ ಇದ್ದ ಕಾಯಿ ಮೆಣಸಿನಕಾಯಿ. ನಮ್ಮ ಬೂದುಗುಂಬಳದ ಪಕ್ಕದಲ್ಲಿ ಬಂದು ಕುಳಿತ ಕೆಂಪು ತಿರುಳಿನ ಅಮೆರಿಕದವನು ಸಿಹಿಗುಂಬಳ. ಕೆಲವು ಕಡೆ ಅದನ್ನು ಚೀನಿಕಾಯಿ ಎನ್ನುತ್ತಾರೆ, ಚೀನಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲದಿದ್ದರೂ. ಜೋಳ ಗೊತ್ತಿದ್ದವರಿಗೆ ಅಮೆರಿಕದ ಧಾನ್ಯ ಮುಸುಕಿನ ಜೋಳವಾಯಿತು. ಎಲ್ಲಕ್ಕಿಂತ ದೊಡ್ಡ ಪಟ್ಟವನ್ನು ಏರಿದುದು ಹುರುಳಿಕಾಯಿ. ಬೆಂಗಳೂರು ಮೈಸೂರುಗಳ ಕಡೆ ಬೀನ್ಸಿಗೆ ಇರುವ ಹೆಸರು ಇದು. ಹುರುಳಿಯೆಂದರೆ ಸಾಮಾನ್ಯವೇ? ಬಳ್ಳಾರಿಯ ಬಳಿಯ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳಲ್ಲಿ ಸುಮಾರು ನಾಲ್ಕು ಸಾವಿರ ವರ್ಷಗಳಷ್ಟು ಹಿಂದಿನ, ಸುಟ್ಟು ಕರಿಯಾದ ಹುರುಳಿಕಾಳುಗಳು ಸಿಕ್ಕಿವೆ. ನಮ್ಮ ನೆಲದ ಅತಿ ಪುರಾತನ ಕಾಳಿನ ಹೆಸರನ್ನು ನಿನ್ನೆ ಮೊನ್ನೆ ಬಂದ ಅಮೆರಿಕದ ಕಾಯಿಗೆ ಧಾರೆಯೆರೆದು ಕೊಟ್ಟಿದ್ದೇವೆ!

ಹೀಗೆ ಹೆಸರು ಸಿಕ್ಕದವಕ್ಕೆ ‘ಸೀಮೆ’ ಎಂಬ ಮುದ್ರೆ. ಸೀಮೆಸುಣ್ಣ, ಸೀಮೆಎಣ್ಣೆಗಳ ಸಾಲಿನಲ್ಲಿ ಸೀಮೆಬದನೆಯೂ ಬಂದು ನಿಂತಿತು. ಅದರ ಕಥೆಗೆ ಬರುವ ಮೊದಲು ಬೆಂಗಳೂರಿನ ದಂಡಿನ ಕಡೆ ಒಂದಿಷ್ಟು ಹೋಗಿಬರಬೇಕು.

1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷರ ದಂಡು, ಅಲ್ಲಿನ ಜ್ವರಕ್ಕೆ ಬೇಸತ್ತು, 1809ರ ಹೊತ್ತಿಗೆ ಬೆಂಗಳೂರಿಗೆ ಬಂತು. ಸಾವಿರಾರು ಸಿಪಾಯಿಗಳು, ಅವರ ಮೇಲೆ ದೊರೆಗಳು, ದೊರೆಸಾನಿಯರು. ಅವರ ಊಟಕ್ಕೆ ಕೋಸು, ಗಜ್ಜರಿ, ಬೀಟ್‌ರೂಟು, ಬಟಾಣಿ ಬೇಕು. ಬೆಂಗಳೂರಿನ ತಂಪು ಹವೆಗೆ ಅವು ಬೆಳೆಯುತ್ತವೆಂದು ತಿಳಿದ ಮೇಲೆ ಬೆಳೆಯುವವರಿಗೇನು ಕೊರತೆ? ಕರಗದ ದೆಸೆಯಿಂದ ನಮಗೆಲ್ಲ ಪರಿಚಿತರಾದ ತಿಗಳರು ತಲೆತಲಾಂತರದಿಂದ ತೋಟದ ಕೆಲಸದಲ್ಲಿ ನುರಿತವರು. ಕೆರೆಯಂಗಳಗಳ ಅವರ ತೋಟಗಳಲ್ಲಿ ಸೊಪ್ಪು ಸದೆಯ ಪಕ್ಕದಲ್ಲಿ ಇಂಗ್ಲಿಷ್ ತರಕಾರಿಗಳು ಎದ್ದವು. ಇತ್ತ ಹೈದರಾಲಿ 1760ರಲ್ಲಿ ಹಾಕಿಸಿದ ಲಾಲ್‌ಬಾಗು ಹಲವರ ಕೈ ದಾಟಿ 1856ರಲ್ಲಿ ಸರಕಾರದ ಸಸ್ಯೋದ್ಯಾನವಾಯಿತು. ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಪಳಗಿದವರು ಒಬ್ಬರ ಹಿಂದೊಬ್ಬರಾಗಿ ಅದರ ಮೇಲ್ವಿಚಾರಕರಾಗಿ ಬಂದರು. 1874ರಲ್ಲಿ ಬಂದ ಜಾನ್ ಕ್ಯಾಮರಾನ್ ಮೂವತ್ತು ವರ್ಷಗಳಿಗೂ ಮೀರಿ ಇದ್ದು, ಎಲ್ಲೆಲ್ಲಿಂದಲೋ ಗಿಡ ಬೀಜಗಳನ್ನು ತರಿಸಿ ಹಂಚಿದ. ಆತನ ಅನಂತರ 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್ ಊರಿನ ಬೀದಿಗಳಿಗೆ ಹೂಮರಗಳನ್ನು ಕೊಟ್ಟುದು ಪ್ರಸಿದ್ಧವಾಗಿದೆ. 1912ರಲ್ಲಿ ಮೈಸೂರು ಉದ್ಯಾನಕಲಾ ಸಂಘವನ್ನು ಹುಟ್ಟುಹಾಕಿದುದೂ ಅವನ ಕಾಲದಲ್ಲಿಯೇ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕೋಸು ಬಂದು ಇನ್ನೂರು ವರ್ಷ ದಾಟಿತು. ಸಂತೆಯಲ್ಲಿ ಅದರ ರಾಶಿ ಇಲ್ಲದ ದಿನವಿಲ್ಲ. ಆದರೂ ಹಿತ್ತಲಿನಲ್ಲಿ ಕೋಸು ಬೆಳೆಯುವ ಮನೆ ಎಷ್ಟಿವೆ? ಅದೇ ಸೀಮೆಬದನೆ ಬಂದು ಅದಕ್ಕಿಂತ ಕಡಮೆ ಕಾಲವಾದರೂ ಬೆಂಗಳೂರಿನ ಹಳೆಯ ಹಿತ್ತಲುಗಳಲ್ಲಿ ಅದರ ಚಪ್ಪರ ಇಲ್ಲದ ಬೀದಿಯಿರಲಿಲ್ಲ. ಈ ಭೇದವೇಕೆ?

ಕಾರಣ ಬೀಜದಲ್ಲಿದೆ. ಎಲೆಕೋಸು ಎರಡು ವರ್ಷದ ಗಿಡ. ಮೊದಲು ಎಲೆ ಸುತ್ತಿ ಗಡ್ಡೆ ಕಟ್ಟುತ್ತದೆ. ಆಮೇಲೆ ಹಲವು ವಾರ ಕೊರೆಯುವ ಚಳಿ ಬಿದ್ದರೆ ಮಾತ್ರ ಹೂಬಿಟ್ಟು ಬೀಜವಾಗುತ್ತದೆ. ಬೆಂಗಳೂರಿನ ಮಾಗಿಯ ಚಳಿ ಅದಕ್ಕೆ ಚಳಿಯೇ ಅಲ್ಲ. ಆದುದರಿಂದ ಪ್ರತಿ ವರ್ಷವೂ ತಣ್ಣನೆಯ ಸೀಮೆಯಿಂದ ಬೀಜ ಬರಬೇಕು, ಹಣ ಕೊಟ್ಟು ಕೊಳ್ಳಬೇಕು. ಕೊಂಡ ಬೀಜದ ಬೆಳೆ ಮಾರುವುದಕ್ಕೆ ಸರಿ; ಮನೆಯ ಹೆಂಗಸು ಡಬ್ಬಿಯಲ್ಲಿಟ್ಟು ಮಗಳಿಗೆ ಕೊಡುವ ವಸ್ತು ಅದಲ್ಲ. ಕೋಸು ಸಂತೆಯ ನೆಂಟನಾಗಿ ಉಳಿಯಿತು.

ಸೀಮೆಬದನೆಯ ಗುಣವೇ ಬೇರೆ. ಅದು ಮೆಕ್ಸಿಕೋ ದೇಶದ್ದು. ಬದನೆಗೂ ಅದಕ್ಕೂ ನಂಟಿಲ್ಲ, ಸೋರೆ ಹೀರೆಗಳ ಕುಲ. ಲಾಲ್‌ಬಾಗಿನ ಮೂಲಕ ಕ್ಯಾಮರಾನನ ಕಾಲದಲ್ಲಿ ಬೆಂಗಳೂರಿಗೆ ಬಂತು. ಒಂದು ಕಾಯಿಗೆ ಒಂದೇ ಬೀಜ. ಆ ಬೀಜ ತಾಯ ಮಡಿಲು ಬಿಟ್ಟು ಹೊರಗೆ ಬರುವುದಿಲ್ಲ, ಕಾಯಿಯೊಳಗೇ ಮೊಳೆಯುತ್ತದೆ. ಬಿಡಿಸಿ ಒಣಗಿಸಿದರೆ ಸತ್ತೇಹೋಯಿತು. ಎಂದರೆ ಇದನ್ನು ಪೊಟ್ಟಣ ಕಟ್ಟಿ ಮಾರುವಂತಿಲ್ಲ, ಟಪಾಲಿನಲ್ಲಿ ಕಳುಹಿಸುವಂತಿಲ್ಲ. ಮೊಳೆತ ಕಾಯನ್ನು ಇಡಿಯಾಗಿ ಒಬ್ಬರು ಇನ್ನೊಬ್ಬರ ಕೈಗೆ ಕೊಡಬೇಕು. ಕೊಡುವುದಕ್ಕೆ ಕಷ್ಟವೂ ಇಲ್ಲ. ಹಬ್ಬಿದ ಒಂದು ಬಳ್ಳಿಯಲ್ಲಿ ಮನೆಯವರು ತಿಂದು ಸುಸ್ತಾಗುವಷ್ಟು ಕಾಯಿ. ಹಾಗಾಗಿ ಸೀಮೆಬದನೆ ಕಾಂಪೌಂಡಿನ ಗೋಡೆಯ ಮೇಲಿಂದ, ಅಕ್ಕಪಕ್ಕದವರ ಸೆರಗಿನಲ್ಲಿ, ಬಾಣಂತನಕ್ಕೆ ಬಂದ ಬೀಗಿತಿಯ ಚೀಲದಲ್ಲಿ ಹರಡಿತು. ಎಷ್ಟರ ಮಟ್ಟಿಗೆ ಬೆಂಗಳೂರಿನದಾಯಿತೆಂದರೆ ತಮಿಳರು ಅದನ್ನು ಇಂದಿಗೂ ಬೆಂಗಳೂರು ಕತ್ತರಿಕಾಯಿ ಎನ್ನುತ್ತಾರೆ. ನಾವು ಪರದೇಶಿ ಎಂದು ಕರೆದುದಕ್ಕೆ ನೆರೆಯವರು ನಮ್ಮ ಊರಿನ ಹೆಸರನ್ನೇ ಇಟ್ಟರು.

ಇಷ್ಟು ಹಬ್ಬಲು ಬೆಂಗಳೂರಿನಲ್ಲಿ ಜಾಗವೆಲ್ಲಿತ್ತು ಎಂದು ಕೇಳಬಹುದು. ಹಳೆಯ ಪೇಟೆಯಲ್ಲಂತೂ ಇರಲಿಲ್ಲ. ಅಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು. ಜಾಗ ಕೊಟ್ಟುದು ಪ್ಲೇಗು. 1898ರಲ್ಲಿ ಆ ಮಾರಿ ಊರಿಗೆ ಹೊಕ್ಕು ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಮೇಲೆ, ಗಾಳಿ ಬೆಳಕಿಲ್ಲದ ಇಕ್ಕಟ್ಟೇ ರೋಗದ ಮನೆಯೆಂದು ಬಗೆದು, ಅಗಲವಾದ ಬೀದಿ, ಮನೆಯ ಸುತ್ತ ಬಯಲು ಇರುವ ಬಡಾವಣೆಗಳಿಗೆ ಜನ ಹೊರಟರು. ಬಸವನಗುಡಿ, ಮಲ್ಲೇಶ್ವರಗಳು ತುಂಬಿದ್ದು ಹೀಗೆ. ಹೆಸರಘಟ್ಟದ ಬಳಿ ಅರ್ಕಾವತಿಗೆ ಕಟ್ಟೆ ಕಟ್ಟಿ ನಲ್ಲಿಯಲ್ಲಿ ನೀರು ತಂದದ್ದೂ ಅದೇ ದಶಕ. ಹಳ್ಳಿಯಿಂದ ನೌಕರಿಗೆ ಬಂದ ಗುಮಾಸ್ತರು, ಮೇಷ್ಟರು, ವಕೀಲರು ಹಳ್ಳಿಯಲ್ಲಿ ಬಿಟ್ಟುಬಂದ ಹಿತ್ತಲನ್ನು ಇಲ್ಲಿ ಮತ್ತೆ ಹೂಡಿದರು. ಬಾವಿಯ ಪಕ್ಕದಲ್ಲಿ ಬಸಳೆಯ ಚಪ್ಪರ, ಬಚ್ಚಲ ನೀರು ಹರಿಯುವಲ್ಲಿ ಬಾಳೆ ಮತ್ತು ಕೆಸು, ಮೂಲೆಗೊಂದು ನುಗ್ಗೆ, ಅಡುಗೆಮನೆಯ ಬಾಗಿಲಿಗೆ ಕರಿಬೇವು, ಕಲ್ಲಿನ ಸಂದಿಯಲ್ಲಿ ದೊಡ್ಡಪತ್ರೆ. ಮಧ್ಯಮ ವರ್ಗದವರ ಕೈತೋಟವೆಂದು ನಾವು ಅಕ್ಕರೆಯಿಂದ ನೆನೆಯುವುದು ಒಂದು ಮಹಾಮಾರಿಯ ಕೂಸು.

ಆ ಹಿತ್ತಲಿನ ಅರ್ಥಶಾಸ್ತ್ರ ಸೊಗಸಾಗಿತ್ತು. ಹಂಡೆಯ ಒಲೆಯ ಬೂದಿ ಹುಳಕ್ಕೆ ಮದ್ದು, ಗಿಡಕ್ಕೆ ಗೊಬ್ಬರ. ಕೊಟ್ಟಿಗೆಯಿದ್ದರೆ ಸಗಣಿ, ಇಲ್ಲದಿದ್ದರೆ ತಿಪ್ಪೆಯ ಗುಂಡಿಯಲ್ಲಿ ಕೊಳೆತ ತರಗು. ಬಚ್ಚಲ ನೀರಿನಲ್ಲಿ ಇದ್ದುದು ಸೀಗೆಪುಡಿ ಮತ್ತು ಕಡಲೆಹಿಟ್ಟು. ಬಾಳೆಗೆ ಅದರಿಂದ ಕೇಡಿಲ್ಲ. ಇಂದಿನ ಬಟ್ಟೆ ಒಗೆಯುವ ಪುಡಿಯ ನೀರನ್ನು ಹಾಗೆ ಬಿಟ್ಟರೆ ಮಣ್ಣು ಕೆಟ್ಟುಹೋಗುತ್ತದೆ. ಅಜ್ಜಿಯ ಕಾಲದ ಪದ್ಧತಿಯೆಂದು ಕಣ್ಣುಮುಚ್ಚಿ ಅನುಸರಿಸಹೊರಟವರು ಇದನ್ನು ನೆನಪಿಡಬೇಕು.

ಸಂಕಟದ ಕಾಲದಲ್ಲಿ ಸರಕಾರಗಳಿಗೂ ಕೈತೋಟದ ನೆನಪಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನವರು ಲಂಡನ್ ಕೋಟೆಯ ಕಂದಕದಲ್ಲಿಯೂ ತರಕಾರಿ ಬೆಳೆದರು. 1942ರಲ್ಲಿ ಬರ್ಮ ಜಪಾನೀಯರ ವಶವಾಗಿ ಅಲ್ಲಿನ ಅಕ್ಕಿ ನಿಂತಾಗ ನಮ್ಮಲ್ಲಿಯೂ ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಕೂಗು ಎದ್ದಿತು. 1965ರಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಗಳು ದೆಹಲಿಯ ತಮ್ಮ ನಿವಾಸದ ಹುಲ್ಲುಹಾಸನ್ನೇ ಉತ್ತು ಮಾದರಿ ತೋರಿಸಿದರು. ಅವರ ನಿಷ್ಠೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಅಪ್ಪಣೆಯಿಂದ ಎದ್ದ ತೋಟಗಳು ಸಂಕಟ ತೀರಿದೊಡನೆ ಮತ್ತೆ ಹುಲ್ಲಾದವು. ಯಾವ ಚಳವಳಿಯೂ ಇಲ್ಲದೆ ಸೀಮೆಬದನೆ ಮಾಡಿದ ಕೆಲಸವನ್ನು ಅವು ಮಾಡಲಿಲ್ಲ.

ಹಿತ್ತಲು ಹೋದುದು ನೆಲದ ಬೆಲೆ ಏರಿದ್ದರಿಂದ ಎನ್ನುತ್ತಾರೆ; ನಿಜ. ಮೂವತ್ತಕ್ಕೆ ನಲವತ್ತು ಅಡಿಯ ನಿವೇಶನದಲ್ಲಿ ಮನೆ, ಮೆಟ್ಟಿಲು, ಸಂಪು, ಕಾರು ನಿಲ್ಲಿಸುವ ಜಾಗ ಕಳೆದರೆ ಉಳಿಯುವುದು ತುಳಸಿಕಟ್ಟೆಗೂ ಸಾಲದು. ಆದರೆ ನೆಲಕ್ಕಿಂತ ಮೊದಲೇ ಹೋದುದು ಬೀಜದ ಡಬ್ಬಿ. ಬಳ್ಳಿಯ ಅತ್ಯುತ್ತಮ ಕಾಯನ್ನು ‘ಬೀಜಕ್ಕೆ ಬಿಟ್ಟದ್ದು’ ಎಂದು ಯಾರೂ ಮುಟ್ಟದಂತೆ ದಾರ ಕಟ್ಟಿ, ಬಳ್ಳಿಯಲ್ಲೇ ಒಣಗಿಸಿ, ಬೂದಿ ಬೆರಸಿ, ಒಲೆಯ ಮೇಲಣ ಹೊಗೆಗೆ ಸಿಕ್ಕುವಂತೆ ತೂಗುಹಾಕುತ್ತಿದ್ದ ಪದ್ಧತಿ, ಹೊಗೆಯಿಲ್ಲದ ಒಲೆಯ ಜೊತೆಗೆ ನಿಂತುಹೋಯಿತು.

ಈಗ ಬೀಜ ಬರುವುದು ಪೊಟ್ಟಣದಲ್ಲಿ. ಪೊಟ್ಟಣದಲ್ಲೂ ಎರಡು ಜಾತಿ. ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ 1967ರಲ್ಲಿ ಆರಂಭವಾದುದು. ಅದು ಹೊರತಂದ ತಳಿಗಳ ಹೆಸರಿನ ಮೊದಲಿಗೆ ‘ಅರ್ಕಾ’ ಎಂದಿರುತ್ತದೆ. ಒಂದು ಕಾಲಕ್ಕೆ ಬೆಂಗಳೂರಿನ ಹಿತ್ತಲುಗಳಿಗೆ ನೀರೂಡಿದ ಅದೇ ಅರ್ಕಾವತಿಯ ಹೆಸರು. ಅವುಗಳಲ್ಲಿ ‘ಅರ್ಕಾ ಅನಾಮಿಕ’ ಎಂಬ ಬೆಂಡೆ ಸಾಮಾನ್ಯ ತಳಿ. ಬಲಿತ ಕಾಯಿಂದ ಬೀಜ ಎತ್ತಿಟ್ಟರೆ ಮುಂದಿನ ಸಲವೂ ಅದೇ ಬೆಂಡೆ ಬರುತ್ತದೆ. ‘ಅರ್ಕಾ ರಕ್ಷಕ್’ ಎಂಬ ಟೊಮೇಟೊ ಮಿಶ್ರತಳಿ. ಮೂರು ರೋಗಗಳನ್ನು ತಡೆಯುವ ಗಟ್ಟಿಗಿಡ, ಫಸಲೂ ಹೇರಳ. ಆದರೆ ಅದರ ಹಣ್ಣಿನ ಬೀಜ ಹಾಕಿದರೆ ಮಕ್ಕಳು ತಾಯಿಯನ್ನು ಹೋಲುವುದಿಲ್ಲ, ಒಂದೊಂದು ಗಿಡ ಒಂದೊಂದು ಬಗೆ. ಮಾರಾಟಕ್ಕೆ ಬೆಳೆಯುವ ರೈತನಿಗೆ ಮಿಶ್ರತಳಿಯಿಂದ ಲಾಭವೇ. ಅದನ್ನು ಹಳಿಯುವುದು ಊರಿನಲ್ಲಿ ಕುಳಿತವರ ಶೋಕಿ. ಕೈತೋಟದವರ ಲೆಕ್ಕ ಬೇರೆ. ಪೊಟ್ಟಣ ಕೊಳ್ಳುವಾಗ ಮಿಶ್ರತಳಿಯೇ ಅಲ್ಲವೇ ಎಂದು ಒಂದು ಮಾತು ಕೇಳಿದರೆ, ಮುಂದಿನ ವರ್ಷ ಅಂಗಡಿಗೆ ಹೋಗುವುದೋ ಡಬ್ಬಿ ತೆರೆಯುವುದೋ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ.

ಹೊಸದಾಗಿ ಶುರುಮಾಡುವವರು ಕೋಸಿನ ತಂಟೆಗೆ ಹೋಗದೆ, ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಕಡೆ ಹರಿವೆ, ದಂಟು, ಬೆಂಡೆ, ಮೆಣಸಿನಕಾಯಿಗಳಿಂದ ಆರಂಭಿಸುವುದು ಮೇಲು. ಹರಿವೆ ಮೂರು ನಾಲ್ಕು ವಾರದಲ್ಲಿ ಸಾರಿಗೆ ಬರುತ್ತದೆ; ಒಂದೆರಡು ಗಿಡ ಕೀಳದೆ ಬಿಟ್ಟರೆ ತೆನೆಯೊಡೆದು, ಸಾಸಿವೆಗಿಂತ ಸಣ್ಣ ಬೀಜ ಹಿಡಿಗಟ್ಟಲೆ ಉದುರಿಸುತ್ತದೆ. ಬಸಳೆಗೆ ಬೀಜವೂ ಬೇಡ, ನೆರೆಮನೆಯ ಒಂದು ಗೇಣು ಕಡ್ಡಿ ಸಾಕು. ಇನ್ನು ತರಕಾರಿ ಬುಟ್ಟಿಯಲ್ಲಿ ಮರೆತುಹೋದ ಸೀಮೆಬದನೆ ಎಂದಾದರೂ ನಾಲಗೆ ಚಾಚಿದಂತೆ ಮೊಳೆ ಹೊರಹಾಕಿದ್ದು ಕಂಡರೆ ಎಸೆಯಬೇಡಿ. ದೊಡ್ಡ ಕುಂಡದಲ್ಲಿಯೋ ಗೋಡೆಯ ಬುಡದಲ್ಲಿಯೋ ಕಾಯನ್ನು ಓರೆಯಾಗಿ ಮಲಗಿಸಿ ಅರ್ಧ ಮಾತ್ರ ಮಣ್ಣು ಮುಚ್ಚಿ, ಮೊಳಕೆಗೆ ನೋವಾಗದಂತೆ ನೀರು ಹಾಕಿ. ಚಪ್ಪರ ಮಾತ್ರ ಗಟ್ಟಿಯಾಗಿರಲಿ. ಕಾಯಿ ಬಿಡತೊಡಗಿದ ಮೇಲೆ ಅದರ ಭಾರ ಸಣ್ಣದಲ್ಲ.